ಆ ಮಂಡಿ ಇಟ್ಕೊಂಡು ಬೆಟ್ಟ ಹತ್ತೀಯಾ?

ಮದುವೆ ಮನೇಲಿ, ಆಫೀಸಲ್ಲಿ, ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸಿಕ್ಕಿದೋರೆಲ್ಲ ಕೇಳೋದು ಇದನ್ನೇ. ಎಡ ಮಂಡಿ ಆಪರೇಷನ್ ಆಗಿದೆ, ಆದ್ರೂ ಭಾನುವಾರ ಬಂತಂದ್ರೆ ಚಾಮುಂಡಿ ಬೆಟ್ಟದ 1008 ಮೆಟ್ಟಿಲು ಹತ್ತೀಯಲ್ಲ, ಸವೆದು ಹೋಗಲ್ವಾ ಅಂತ. ನಮ್ಮ ಸೋದರತ್ತೆ ಅಂತೂ "ಸುಮ್ನೆ ಮನೇಲಿ ಬಿದ್ದಿರಬಾರ್ದೇನೋ" ಅಂತಾರೆ. ಅತ್ತೆ, ಸುಮ್ನೆ ಬಿದ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು.

ಕಾಲೇಜಲ್ಲಿ ಕಬಡ್ಡಿ ಆಡ್ತಿದ್ದಾಗ ಯಾರೋ ಪಾದ ಹಿಡ್ಕೊಂಡ್ರು, ಮೈ ತಿರುಗ್ತು, ಕಾಲು ಅಲ್ಲೇ ಉಳೀತು, ಟಪ್ ಅಂತ ಸದ್ದು. ಎಸಿಎಲ್, ಅಂದ್ರೆ ಮಂಡಿ ಒಳಗೆ ಎರಡು ಮೂಳೆಗಳನ್ನ ಬಿಗಿದು ಹಿಡಿಯೋ ಲಿಗಮೆಂಟ್ ಪಟ್ಟಿ, ಹರಿದಿತ್ತು. ತೊಡೆ ಹಿಂದಿನಿಂದ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಕೂರಿಸಿದ್ರು. 2 ತಿಂಗಳು ಫಿಸಿಯೋಗೆ ಹೋದೆ, ನಡೆಯೋಕೆ ಬರುತ್ತಲ್ಲ ಸಾಕು ಅಂತ ಬಿಟ್ಟೆ, ಅಲ್ಲಿಂದ 8 ವರ್ಷ ಮಂಡೀನ ಗಾಜಿನ ಲೋಟದ ಥರ ನೋಡ್ಕೊಂಡೆ, ಎರಡನೇ ಮಹಡಿಗೂ ಲಿಫ್ಟು, ಮೂಲೆ ಅಂಗಡಿಗೂ ಸ್ಕೂಟರು. ಆದ್ರೂ ನೋವು. ಕೊನೆಗೆ ಇನ್ನೊಬ್ಬ ಫಿಸಿಯೋ ಹತ್ರ ಹೋದ್ರೆ ಅವ್ರು ಮಂಡಿ ಮುಟ್ಟೋ ಮುಂಚೆ ಟೇಪ್ ತಗೊಂಡು ತೊಡೆ ಅಳೆದ್ರು. ಎಡತೊಡೆ 3 ಸೆಂಟಿಮೀಟರ್ ಸಣ್ಣ!

ತೊಡೆ ಮುಂದಿನ ಸ್ನಾಯು ಇದೆಯಲ್ಲ, ಮಂಡಿಗೆ ಬ್ರೇಕೂ ಅದೇ ಶಾಕ್ ಅಬ್ಸಾರ್ಬರೂ ಅದೇ. ಏಟು ಬಿದ್ದು ಮಂಡೀಲಿ ನೀರು ತುಂಬ್ಕೊಂಡ್ರೆ ನರಗಳೇ ಆ ಸ್ನಾಯುನ ಅರ್ಧಂಬರ್ಧ ಆಫ್ ಮಾಡ್ಬಿಡ್ತವೆ. ಊತ ಇಳಿದ ಮೇಲೆ ಅದು ತಾನಾಗಿ ಮೊದಲಿನ ಹಾಗೆ ಆಗ್ಬಿಡಲ್ಲ, ಕೆಲಸ ಕೊಟ್ಟು ಎಬ್ಬಿಸ್ಬೇಕು.

ಶುರು ಮಾಡಿದ್ದು ನಾಚಿಕೆ ಆಗೋಷ್ಟು ಸಣ್ಣದರಿಂದ. ಮಂಡಿ ಕೆಳಗೆ ಟವೆಲ್ ಸುತ್ತಿಟ್ಟು ಒತ್ತಿ 5 ಸೆಕೆಂಡ್ ಹಿಡಿಯೋದು, ಮಲಗಿ ಕಾಲು ನೆಟ್ಟಗೆ ಎತ್ತೋದು, ಕೈ ಊರದೆ ಕುರ್ಚಿಯಿಂದ ಏಳೋದು. ಆಮೇಲೆ ಸೈಕಲ್ಲು, ಸೀಟು ಮಾತ್ರ ಎತ್ತರಿಸ್ಕೊಳ್ಳಿ ಮಾರಾಯ್ರೆ, ಪೆಡಲ್ ಪೂರ್ತಿ ಕೆಳಗೆ ಬಂದಾಗ ಮಂಡಿ ಸುಮಾರು 30 ಡಿಗ್ರಿ ಮಡಚಿದ್ರೆ ಸಾಕು, ಸೀಟು ತಗ್ಗಿಸ್ಕೊಂಡು ತುಳಿದು ಆಮೇಲೆ ಸೈಕಲ್ಲನ್ನ ಬೈಯೋದಲ್ಲ.

ನೋವು ಬಂದ್ರೆ? ವ್ಯಾಯಾಮ ಮಾಡುವಾಗ ಸ್ವಲ್ಪ ನೋವಾದ್ರೆ ನಾನು ತಲೆ ಕೆಡಿಸ್ಕೊಳ್ಳಲ್ಲ, ಮಾರನೇ ದಿನ ಬೆಳಿಗ್ಗೆ ಮಂಡಿ ಹೇಗಿದೆ ನೋಡ್ತೀನಿ. ಊದಿದ್ರೆ, ನೋವು ಜಾಸ್ತಿ ಆಗಿದ್ರೆ ನಿನ್ನೆ ಮಾಡಿದ್ದು ಅತಿ ಆಯ್ತು ಅಂತ ಅರ್ಥ, ಕಡಿಮೆ ಮಾಡ್ತೀನಿ. ನೋವಿಲ್ದೆ ಬರೋ ಲಟಲಟ ಸದ್ದಿಗೆ ಹೆದರೋದಿಲ್ಲ. ಮಂಡಿ ಮಡಚಿದ್ದು ಹಾಗೇ ಸಿಕ್ಕಾಕೊಂಡ್ರೆ ಅಥವಾ ನಡೀತಾ ನಡೀತಾ ಕೈ ಕೊಟ್ರೆ ಮಾತ್ರ ನೇರ ಡಾಕ್ಟರ್ ಹತ್ರ. ಚಕ್ಕಲಮಕ್ಕಲ ಹಾಕ್ಕೊಂಡು ಊಟಕ್ಕೆ ಕೂರೋಕೆ ಇವತ್ತಿಗೂ ಆಗಲ್ಲ, ಪಂಕ್ತೀಲಿ ನಂಗೊಂದು ಕುರ್ಚಿ ಬೇಕು.

ಇನ್ನು ಬೆಟ್ಟದ ಗುಟ್ಟು. ಹತ್ತೋದು ಮೆಟ್ಟಿಲಲ್ಲಿ, ಇಳಿಯೋದು ಸಿಟಿ ಬಸ್ಸಲ್ಲಿ. ಎಲ್ರೂ ಹತ್ತೋದೇ ಕಷ್ಟ ಅನ್ಕೊಂಡಿದಾರೆ, ಅದು ಉಸಿರಿಗೆ ಕಷ್ಟ, ಮಂಡಿಗೆ ಕಷ್ಟ ಇಳಿಯೋದು. ಒಂದೊಂದು ಮೆಟ್ಟಿಲಲ್ಲೂ ತೊಡೆ ಬ್ರೇಕ್ ಹಿಡೀಬೇಕು, ನಮ್ಮ ಬೆಟ್ಟದ ಮೆಟ್ಟಿಲೋ ಒಂದರ ಎತ್ತರ ಇನ್ನೊಂದಕ್ಕಿಲ್ಲ, ತೊಡೆ ಸುಸ್ತಾದ್ರೆ ಏಟೆಲ್ಲ ಮಂಡಿಗೇ. ಅದಕ್ಕೇ ಈಗ ದಿನಾ ಸಂಜೆ ಮನೆ ಮುಂದಿನ ಒಂದೇ ಒಂದು ಮೆಟ್ಟಿಲಲ್ಲಿ ನಿಂತು, ಬಲಗಾಲು ನೆಲ ಮುಟ್ಟೋವರೆಗೆ ಮೂರು ಎಣಿಸ್ತಾ ನಿಧಾನಕ್ಕೆ ಇಳೀತೀನಿ, ಮತ್ತೆ ಹತ್ತೀನಿ. ಎದುರು ಮನೆಯೋರು ಏನೋ ಹರಕೆ ಇರ್ಬೇಕು ಅನ್ಕೊಂಡಿದಾರೆ.