ಸಣ್ಣ ಹಳಿ

22 ಮಾರ್ಚ್ 2025, ಶನಿವಾರ
ಕರ್ವೆನಗರ, ಪುಣೆ. ರಾತ್ರಿ ಹನ್ನೊಂದು ದಾಟಿದೆ.

ಇವತ್ತು ಅವ್ವನಿಗೆ ನಿಜ ಹೇಳಿಬಿಟ್ಟೆ.

ಒಂದು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು. ಫೆಬ್ರವರಿಯಲ್ಲಿ ವಿಯೆಟ್ನಾಮಿಗೆ ಹೊರಟಾಗ ‘ಗೆಳತಿಯರ ಜೊತೆ ಹೋಗ್ತಿದ್ದೀನಿ’ ಅಂದಿದ್ದೆ. ತಮ್ಮನಿಗೂ ಅದನ್ನೇ ಹೇಳಿದ್ದೆ. ಗೊತ್ತಿದ್ದದ್ದು ಮಗಳಿಗೆ ಮಾತ್ರ. ಹನೋಯಿಂದ ದಿನಾ ಫೋಟೋ ಕಳಿಸ್ತಿದ್ದೆ, ಎಲ್ಲದರಲ್ಲೂ ನಾನೊಬ್ಬಳೇ. ‘ಗೆಳತ್ಯಾರು ಫೋಟೋ ತಗೀತಿರಬೇಕು’ ಅಂತ ಅವ್ವ ತಮ್ಮನಿಗೆ ಹೇಳಿದಳಂತೆ. ಅದನ್ನು ಕೇಳಿದಾಗಿಂದ ನನಗೆ ಸಮಾಧಾನವೇ ಇಲ್ಲ. ಎಪ್ಪತ್ತೇಳು ವರ್ಷದ ಹೆಣ್ಣುಮಗಳು, ನನ್ನ ಸುಳ್ಳಿಗೆ ತಾನೇ ಕಾರಣ ಹುಡುಕಿ ಕೊಡ್ತಿದ್ದಾಳೆ.

ಸಂಜೆ ತರಕಾರಿಗೆ ಹೋದಾಗ ಅಂಗಡಿಗಳ ಮುಂದೆ ಗಾಠಿ ತೂಗುಹಾಕಿದ್ದರು. ಯುಗಾದಿಗೆ ಇನ್ನು ಎಂಟೇ ದಿನ. ಆ ಬಿಳಿ, ಗುಲಾಬಿ ಸಕ್ಕರೆ ಮಾಲೆ ನೋಡಿದ್ದೇ ಅವ್ವನ ನೆನಪಾಯಿತು. ಮನೆಗೆ ಬಂದವಳೇ ಚೀಲ ಕೆಳಗಿಟ್ಟು ಧಾರವಾಡಕ್ಕೆ ಫೋನ್ ಮಾಡಿದೆ.

‘ಅವ್ವಾ, ಒಂದ್ ಮಾತ್ ಹೇಳ್ತೀನಿ. ಸಿಟ್ಟಾಗಬ್ಯಾಡ.’

‘ಏನವಾ?’

‘ವಿಯೆಟ್ನಾಮಕ್ಕ ಗೆಳತ್ಯಾರ ಜೋಡಿ ಹೋಗಿರಲಿಲ್ಲ. ನಾ ಒಬ್ಬಾಕಿನ ಹೋಗಿದ್ದೆ.’

ಆ ಕಡೆ ಮಾತಿಲ್ಲ. ಟೀವಿ ಸದ್ದು ಮಾತ್ರ ಕೇಳ್ತಿತ್ತು. ನಮ್ಮ ಯಜಮಾನರು ಹೋಗಿ ಮೂರು ವರ್ಷ ಆಯಿತು. ಅವತ್ತಿನಿಂದ ನಮ್ಮ ಮನೆಯಲ್ಲಿ ‘ಒಬ್ಬಾಕಿ’ ಅನ್ನೋ ಮಾತನ್ನು ಯಾರೂ ಗಟ್ಟಿಯಾಗಿ ಆಡಲ್ಲ. ಬೈತಾಳೆ, ಇಲ್ಲಾ ಅಳ್ತಾಳೆ ಅಂದುಕೊಂಡು ಕಾದೆ.

‘ಗಾಡ್ಯಾಗ ಕುಂದ್ರಾಕ ಜಾಗಾ ಸಿಕ್ಕಿತ್ತೇನ?’ ಅಂದಳು.

ಅದೊಂದೇ ಕೇಳಿದ್ದು. ನನಗೆ ಕಣ್ಣು ತುಂಬಿ ಬಂತು. ‘ಮಲಗಾಕ ಸಿಕ್ಕಿತ್ತವ್ವಾ, ಕೆಳಗಿನ ಬರ್ತು’ ಅಂದೆ. ಆಮೇಲೆ ಎಲ್ಲಾ ಹೇಳಿದೆ. ಹನೋಯಿಂದ ಹುಯೆ ಅನ್ನೋ ಊರಿಗೆ 688 ಕಿಲೋಮೀಟರ್, ಅಂದರೆ ಧಾರವಾಡದಿಂದ ಪುಣೆ ದಾಟಿ ಇನ್ನೂ ಮುಂದೆ. ರಾತ್ರಿಯಿಡೀ ಗಾಡಿ. ಅಲ್ಲೆರಡು ದಿನ ಇದ್ದು, ಮತ್ತೆ ರೈಲಲ್ಲೇ ದಾ ನಾಂಗ್.

ಗಾಡಿಯ ವಿಷಯ ನಿಮಗೂ ಹೇಳಬೇಕು. ಹನೋಯಿಂದ ಸೈಗಾನ್‌ವರೆಗೆ 1,726 ಕಿಲೋಮೀಟರ್ ಹಳಿ. ಫ್ರೆಂಚರು ಹಾಕೋಕೆ ಶುರು ಮಾಡಿ, ಪೂರ್ತಿ ಆಗಿದ್ದು 1936ರಲ್ಲಿ. 1954ರಲ್ಲಿ ದೇಶ ಎರಡಾಯಿತು, ಹಳಿಯೂ ಎರಡಾಯಿತು. ಯುದ್ಧದಲ್ಲಿ ಸೇತುವೆಗಳೆಲ್ಲ ಬಾಂಬಿಗೆ ಹೋದವು. ಯುದ್ಧ ಮುಗಿದ ಮೇಲೆ ಜನ ಅವನ್ನೆಲ್ಲ ಮತ್ತೆ ಕಟ್ಟಿ, 1976ರ ಡಿಸೆಂಬರ್ ಕೊನೆಯ ದಿನ ಮತ್ತೆ ಗಾಡಿ ಓಡಿಸಿದರು. ಆ ಗಾಡಿಯ ಹೆಸರಿಗೆ ಅವರ ಭಾಷೆಯಲ್ಲಿ ‘ಒಂದುಗೂಡುವುದು’ ಅಂತ ಅರ್ಥ. ಉತ್ತರ, ದಕ್ಷಿಣ ಅಂತ ದೇಶ ಹರಿದಿದ್ದ ಜಾಗದಲ್ಲಿ ಬೆನ್ ಹಾಯ್ ಅಂತ ಒಂದು ನದಿ ಇದೆ. ಬೆಳಿಗ್ಗೆ ಮೊಬೈಲಿನ ಮ್ಯಾಪ್ ಹಿಡಿದುಕೊಂಡು ಅದಕ್ಕಾಗೇ ಕಾದು ಕೂತಿದ್ದೆ. ಬಂತು, ಹೋಯಿತು. ಅಗಲವೇನಿಲ್ಲ, ನಮ್ಮ ಕಡೆಯ ಹೊಳೆಯ ಹಾಗೆ. ಇಷ್ಟು ನೀರಿನ ಆಚೆ ಈಚೆ ಇಪ್ಪತ್ತು ವರ್ಷ ಅಣ್ಣ ತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ ಅಂದರೆ ಹೊಟ್ಟೆಯಲ್ಲಿ ಏನೋ ಆಗುತ್ತೆ.

ನಾನಿದ್ದದ್ದು ನಾಲ್ಕು ಬರ್ತಿನ ಡಬ್ಬಿ. ಮೇಲಿನ ಎರಡರಲ್ಲಿ ಹುಡುಗರು, ಹತ್ತಿದವರೇ ಮಲಗಿಬಿಟ್ಟರು. ಎದುರಿನ ಕೆಳಗಿನ ಬರ್ತಿನಲ್ಲಿ ಒಬ್ಬ ಅಜ್ಜಿ. ಅವರಿಗೆ ನನ್ನ ಭಾಷೆ ಬರಲ್ಲ, ನನಗೆ ಅವರದು ಬರಲ್ಲ. ಒಂದು ಕಿತ್ತಳೆ ಸುಲಿದು ಅರ್ಧ ನನ್ನ ಕೈಗಿಟ್ಟರು. ನಾನು ಶೇಂಗಾ ಚಟ್ನಿ ಹಚ್ಚಿದ ಚಪಾತಿ ಕೊಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಪೂರ್ತಿ ತಿಂದರು.

ದೀಪ ಆರಿಸೋ ಮುಂಚೆ ಅವರು ಒಂದು ಕೆಲಸ ಮಾಡಿದರು. ತಮ್ಮ ಬಟ್ಟೆಚೀಲದ ಹಿಡಿಕೆಗೆ ತೆಳ್ಳನೆಯ ಟವೆಲ್ಲಿನ ಒಂದು ತುದಿ ಕಟ್ಟಿದರು. ಇನ್ನೊಂದು ತುದಿಯನ್ನು ತಮ್ಮ ಕಾಲಿನ ಗಿಣ್ಣಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿಕೊಂಡರು. ಬೆರಳು ತೂರಿಸಿ ಗಂಟು ಬಿಗಿಯಾಯಿತಾ ಅಂತ ನೋಡಿಕೊಂಡರು. ನಾನು ನೋಡ್ತಿದ್ದದ್ದು ಗೊತ್ತಾಗಿ, ಎದ್ದು ಬಂದು ನನ್ನ ಬ್ಯಾಗಿನ ಪಟ್ಟಿಯನ್ನೂ ನನ್ನ ಕಾಲಿಗೆ ಸುತ್ತಿದರು. ತಣ್ಣನೆ ಕೈ. ಬೆರಳುಗಳ ತುದಿ ಒರಟೊರಟು. ಬೆಳಿಗ್ಗೆ ಹೊತ್ತು ಎದ್ದಾಗ ಎದುರಿನ ಬರ್ತು ಖಾಲಿ. ನಡುವೆ ಎಲ್ಲೋ ಇಳಿದು ಹೋಗಿದ್ದರು. ನನ್ನ ಕಾಲಿನ ಗಂಟು ಹಾಗೇ ಇತ್ತು.

ಇದನ್ನು ಅವ್ವನಿಗೆ ಹೇಳೋಕೆ ಹೊರಟಿದ್ದೆ. ಅಷ್ಟರಲ್ಲಿ ಮಾತು ಹಳಿಯ ಕಡೆ ತಿರುಗಿತು.

‘ಅಲ್ಲಿ ಹಳಿ ಸಣ್ಣದವ್ವಾ. ನಮ್ಮ ಹಳೇ ಮೀಟರ್ ಗೇಜ್ ಇತ್ತಲ್ಲ, ಅದ.’

‘ಹಂಗಾರ ತೊಟ್ಲಾ ತೂಗಿದಂಗ ತೂಗತೈತಿ.’

‘ಹೂಂ, ರಾತ್ರಿಯೆಲ್ಲಾ.’

‘ಮಿರಜ್ ತನಕ ಹಂಗ ತೂಗತಿತ್ತು’ ಅಂದಳು. ಆಮೇಲೆ ಸ್ವಲ್ಪ ಸುಮ್ಮನಿದ್ದು, ‘ನಾನೂ ಒಬ್ಬಾಕಿನ ಬಂದಿದ್ನಿ’ ಅಂದಳು.

ಈ ಮಾತು ನಾನು ಐವತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಸಣ್ಣ ವಯಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ, ಆಗ ಧಾರವಾಡದಿಂದ ಪುಣೆಗೆ ನೇರ ಗಾಡಿ ಇರಲಿಲ್ಲ. ಮಿರಜದವರೆಗೆ ಸಣ್ಣ ಹಳಿ, ಅಲ್ಲಿಂದ ಮುಂದೆ ದೊಡ್ಡದು. ಸಾಮಾನೆಲ್ಲ ಹೊತ್ತುಕೊಂಡು ಇಳಿದು ಇನ್ನೊಂದು ಗಾಡಿ ಹತ್ತಬೇಕು. 1973. ಅಪ್ಪನಿಗೆ ಪಿಂಪ್ರಿಯಲ್ಲಿ ಹೊಸ ಕೆಲಸ, ರಜೆ ಸಿಗಲಿಲ್ಲ. ಕರೆದುಕೊಂಡು ಬರಬೇಕಿದ್ದ ಸೋದರಮಾವ ಕಡೇ ಗಳಿಗೆಯಲ್ಲಿ ಜ್ವರ ಅಂತ ಮಲಗಿದ. ಇಪ್ಪತ್ತೈದರ ಅವ್ವ ಒಂದು ಟ್ರಂಕು, ಒಂದು ಬುತ್ತಿ ಗಂಟು, ಬಗಲಲ್ಲಿ ನನ್ನನ್ನು ಎತ್ತಿಕೊಂಡು ಹತ್ತಿಬಿಟ್ಟಳಂತೆ. ಮರಾಠಿ ಒಂದಕ್ಷರ ಬರಲ್ಲ. ಗಾಡಿ ತಡವಾಗಿ ಮಿರಜ ಮುಟ್ಟಿತು, ಪುಣೆ ಗಾಡಿ ಹೊರಟುಹೋಗಿತ್ತು.

‘ಆಮ್ಯಾಲೆ?’

‘ಆಮ್ಯಾಲೇನ, ಪ್ಲಾಟ್‌ಫಾರಮ್ಮಿನ ಮ್ಯಾಲ ಕುಂತ್ನಿ. ಬೆಳತನಕ. ಕಣ್ಣು ಹತ್ತಿದ್ರ ನೀ ಎದ್ದು ಹಳಿ ಕಡೆ ಹೋಗಿಬಿಡ್ತಿ ಅಂತ ಅಂಜಿಕಿ. ಸೆರಗಿನ ತುದಿ ನಿನ್ನ ಕಾಲಿಗೆ ಕಟ್ಟಿದ್ನಿ.’

ಫೋನ್ ಹಿಡಿದುಕೊಂಡು ಹಾಗೇ ಕೂತೆ. ಕಾಲು ನೋಡಿಕೊಂಡೆ.

ಆಗ ಹನೋಯಿಂದ ಹುಯೆಗೆ ಗಾಡಿಯೇ ಇರಲಿಲ್ಲ, ಹಳಿ ಇನ್ನೂ ತುಂಡಾಗೇ ಇತ್ತು. ಆ ಅಜ್ಜಿಗೂ ಅವ್ವನ ವಯಸ್ಸೇ ಇರಬೇಕು. ಆ ವರ್ಷ ಅವರು ಎಲ್ಲಿದ್ದರೋ, ಯಾರನ್ನು ಕಾಯ್ತಿದ್ದರೋ.

‘ಯಾಕ ಇಷ್ಟು ದಿನಾ ಹೇಳಲಿಲ್ಲ?’ ಅಂದೆ. ‘ಯಾರ ಕೇಳಿದ್ರ?’ ಅಂದಳು. ಬೇಜಾರಿನಿಂದ ಅಂದಿದ್ದಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಿಜ, ನಾನು ಕೇಳಿರಲಿಲ್ಲ. ಕಾಲೇಜಿನಲ್ಲಿದ್ದಾಗ ಒಬ್ಬಳೇ ಬೆಳಗಾವಿಗೆ ಹೋಗ್ತೀನಿ ಅಂದಾಗ ಬಾಗಿಲಿಗೆ ಅಡ್ಡ ನಿಂತಿದ್ದಳು. ಅವತ್ತು ಅತ್ತು ಊಟ ಬಿಟ್ಟಿದ್ದೆ. ಅವಳಿಗೆ ಹೊರಗಿನ ಲೋಕ ಗೊತ್ತಿಲ್ಲ ಅಂದುಕೊಂಡಿದ್ದೆ.

ಅವ್ವನ ಮೊಣಕಾಲು ನೋವು ಜಾಸ್ತಿಯಾಗಿದೆಯಂತೆ. ತಮ್ಮ ಹೇಳಿದ. ಮೆಟ್ಟಿಲು ಇಳಿಯೋದೇ ಬಿಟ್ಟಿದ್ದಾಳಂತೆ. ನನ್ನ ಮೇಲೂ ಅವನಿಗೆ ಸಿಟ್ಟು, ‘ಅಕ್ಕಾ, ನನಗರೆ ಹೇಳಬಾರದಿತ್ತ?’ ಅಂತ. ಸರಿಯಾಗೇ ಕೇಳಿದ. ಹೇಳಬೇಕಿತ್ತು.

ದಾ ನಾಂಗ್ ದಾರಿಯ ಬಗ್ಗೆ ಬರೆಯಬೇಕು ಅಂತಿದ್ದೆ. ಎಡಗಡೆ ಕಿಟಕಿ, ಕೆಳಗೆ ಸಮುದ್ರ, ಹಾಯ್ ವಾನ್ ಘಟ್ಟ. 2005ರಿಂದ ಬಸ್ಸು, ಕಾರುಗಳಿಗೆ ಆರು ಕಿಲೋಮೀಟರ್ ಉದ್ದದ ಸುರಂಗ ಇದೆ. ರೈಲು ಮಾತ್ರ ಇವತ್ತಿಗೂ ಬೆಟ್ಟದ ಅಂಚು ಹಿಡಿದೇ ಹೋಗುತ್ತೆ. ಇನ್ನೊಂದು ದಿನ ಬರೀತೀನಿ, ಇವತ್ತು ಮನಸ್ಸೆಲ್ಲ ಮಿರಜದಲ್ಲಿದೆ.

ಫೋನ್ ಇಡೋ ಮುಂಚೆ ಅವ್ವನಿಗೆ ಹೇಳಿದೆ, ಈಗ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಬಂದಿದೆ, ಹೋದ ಸೆಪ್ಟೆಂಬರಿನಿಂದ ಓಡ್ತಿದೆ, ಧಾರವಾಡದಲ್ಲೇ ಹತ್ತಬಹುದು, ಎಲ್ಲೂ ಗಾಡಿ ಬದಲಾಯಿಸೋದು ಬೇಡ, ನಾನೇ ಬಂದು ಕರ್ಕೊಂಡು ಬರ್ತೀನಿ, ಹಬ್ಬ ಇಲ್ಲೇ ಮಾಡೋಣ ಅಂತ. ಮೊಣಕಾಲು ಅಂತಾಳೆ ಅಂದುಕೊಂಡಿದ್ದೆ.

‘ಮಿರಜದಾಗ ಎಷ್ಟೊತ್ತು ನಿಲ್ತೈತಿ?’ ಅಂತ ಕೇಳಿದಳು.

ಟೈಮ್ ಟೇಬಲ್ ತೆಗೆದು ಕೂತಿದ್ದೀನಿ. ನಿಲ್ಲೋದೇನೋ ನಿಲ್ಲುತ್ತೆ. ಆದರೆ ಆ ಕಾಲಿನಲ್ಲಿ ಇಳಿದು, ಮತ್ತೆ ಹತ್ತೋಕೆ ಅಷ್ಟು ಹೊತ್ತು ಸಾಕಾಗುತ್ತಾ? ಇಲ್ಲಾ, ಮಿರಜದವರೆಗೆ ಮಾತ್ರ ಟಿಕೆಟ್ ತೆಗೆದು, ಅಲ್ಲೇ ಒಂದು ರಾತ್ರಿ