‘ಎ’ ಬಟನ್ನನ್ನು ಯಾವಾಗ ಒತ್ತಬೇಕು

ನನ್ನ ಕಾರಿನಲ್ಲಿ ಸ್ಟೀರಿಂಗಿನ ಬಲಕ್ಕೆ, ಇಂಗ್ಲಿಷಿನ ‘ಎ’ ಅಕ್ಷರದ ಸುತ್ತ ಬಾಣವೊಂದು ತಿರುಗುತ್ತಿರುವಂತೆ ಚಿತ್ರಿಸಿದ ಪುಟ್ಟ ಬಟನ್ ಇದೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಎಂಜಿನ್ನನ್ನು ತಾನಾಗಿಯೇ ಆರಿಸಿ, ಹೊರಡುವಾಗ ತಾನಾಗಿಯೇ ಚಾಲೂ ಮಾಡುವ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆಯನ್ನು ತಡೆಹಿಡಿಯುವುದಷ್ಟೇ ಅದರ ಕೆಲಸ. ಹೊಸ ಕಾರು ಕೊಂಡ ಬಂಧುಗಳೂ ಸಹೋದ್ಯೋಗಿಗಳೂ ಈ ವ್ಯವಸ್ಥೆಯ ಬಗ್ಗೆ ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಇದನ್ನು ಶಾಶ್ವತವಾಗಿ ಬಂದ್ ಮಾಡಿಸಬಹುದೇ? ಮಾಡಿಸಬಹುದು, ಆದರೆ ಮಾಡಿಸಬಾರದು ಎಂಬುದು ನನ್ನ ಅಭಿಪ್ರಾಯ. ಬೆಂಗಳೂರಿನ ಸಂಚಾರದಲ್ಲಿ ಆಗಾಗ ಆ ಬಟನ್ನನ್ನು ಒತ್ತಲೇಬೇಕಾಗುತ್ತದೆ ಎಂಬುದೂ ಅಷ್ಟೇ ನಿಜ.

ಇಂದು ಒತ್ತಿ ಬಂದ್ ಮಾಡಿದರೂ ನಾಳೆ ಕಾರು ಚಾಲೂ ಮಾಡಿದಾಗ ವ್ಯವಸ್ಥೆ ಮತ್ತೆ ಸಕ್ರಿಯವಾಗಿರುವುದು ಹಲವರಿಗೆ ಸಿಟ್ಟು ತರಿಸುತ್ತದೆ. ಇದರ ಹಿಂದೆ ಪ್ರಯೋಗಾಲಯದ ಲೆಕ್ಕಾಚಾರವಿದೆ. ನಮ್ಮ ದೇಶದಲ್ಲಿ ಕಾರುಗಳ ಮೈಲೇಜನ್ನೂ ಹೊಗೆಯನ್ನೂ ಅಳೆಯಲು ಬಳಸುತ್ತ ಬಂದಿರುವ ಎಂಐಡಿಸಿ ಎಂಬ ಪರೀಕ್ಷಾ ಚಕ್ರ 1180 ಸೆಕೆಂಡುಗಳದ್ದು. ಅದರ ನಗರ ಭಾಗದಲ್ಲಿ 195 ಸೆಕೆಂಡುಗಳ ಸುತ್ತು ನಾಲ್ಕು ಸಲ ಬರುತ್ತದೆ, ಪ್ರತಿ ಸುತ್ತಿನ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಕಾರು ನಿಂತಲ್ಲೇ ನಿಂತಿರುತ್ತದೆ. ಅಷ್ಟು ಹೊತ್ತು ಎಂಜಿನ್ ಆರಿದ್ದರೆ ಕಾಗದದ ಮೇಲಿನ ಮೈಲೇಜ್ ಏರುತ್ತದೆ, ಇಂಗಾಲದ ಡೈಆಕ್ಸೈಡಿನ ಅಂಕಿ ಇಳಿಯುತ್ತದೆ. ಕಂಪನಿಯ ಎಲ್ಲ ಕಾರುಗಳ ಈ ಅಂಕಿಯ ಸರಾಸರಿಗೆ ಮಿತಿ ಹಾಕುವ ಕೆಫೆ ನಿಯಮಗಳು 2017ರಿಂದ ಜಾರಿಯಲ್ಲಿರುವಾಗ, ತಯಾರಕರಿಗೆ ಪ್ರತಿ ಗ್ರಾಮೂ ಮುಖ್ಯವಾಗುತ್ತದೆ. ಈ ವ್ಯವಸ್ಥೆ ಸಕ್ರಿಯವಾಗಿರುವ ಸ್ಥಿತಿಯಲ್ಲೇ ಪರೀಕ್ಷೆಗೆ ಒಳಗಾದ ಕಾರು ಪ್ರತಿ ಸಲವೂ ಅದೇ ಸ್ಥಿತಿಯಲ್ಲಿ ಎಚ್ಚರಗೊಳ್ಳುವುದು ಸಹಜವೇ.

ರಸ್ತೆಯಲ್ಲಿ ಲೆಕ್ಕ ಬೇರೆಯಾಗುತ್ತದೆ. ಮಧ್ಯಮ ಗಾತ್ರದ ಪೆಟ್ರೋಲ್ ಎಂಜಿನ್ ನಿಂತಲ್ಲೇ ಗಂಟೆಗೆ ಸುಮಾರು 0.6 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ, 90 ಸೆಕೆಂಡುಗಳ ಕೆಂಪು ದೀಪದಲ್ಲಿ ಉಳಿಯುವುದು 15 ಮಿಲಿಲೀಟರ್, ಅಂದರೆ ಇಂದಿನ ದರದಲ್ಲಿ ಒಂದೂವರೆ ರೂಪಾಯಿ. ಅಲ್ಪವೆನಿಸಿದರೂ ದಿನವೂ ದೊಡ್ಡ ಸಿಗ್ನಲ್ಲುಗಳನ್ನು ದಾಟುವವರಿಗೆ ಇದು ನಿಜವಾದ ಉಳಿತಾಯ, ಜೊತೆಗೆ ಪಕ್ಕದಲ್ಲಿ ನಿಂತ ಬೈಕ್ ಸವಾರನ ಮೂಗಿಗೆ ಅಷ್ಟು ಹೊಗೆ ಕಡಿಮೆ. ಹತ್ತು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಾದರೆ ಆರಿಸುವುದೇ ಲಾಭ ಎಂಬುದು ಅಮೆರಿಕದ ಇಂಧನ ಇಲಾಖೆಯೂ ಒಪ್ಪುವ ಅಂದಾಜು. ಆದರೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗಿನ ಹೊರವರ್ತುಲ ರಸ್ತೆಯಲ್ಲಿ ಸಂಜೆ ವಾಹನಗಳು ನಿಲ್ಲುವುದಕ್ಕಿಂತ ತೆವಳುವುದೇ ಹೆಚ್ಚು. ನಾಲ್ಕು ಸೆಕೆಂಡು ನಿಂತು ಎರಡು ಮಾರು ಸರಿಯುವ ಆ ಸ್ಥಿತಿಯಲ್ಲಿ ಎಂಜಿನ್ ಆರಿ ಹತ್ತುತ್ತಿದ್ದರೆ ಉಳಿಯುವುದು ಏನೂ ಇಲ್ಲ, ಬ್ಯಾಟರಿಗೆ ಮಾತ್ರ ಬಿಡುವಿಲ್ಲ. ಅಲ್ಲಿ ನಾನು ಎರಡನೇ ಯೋಚನೆಯಿಲ್ಲದೆ ಬಟನ್ ಒತ್ತುತ್ತೇನೆ.

ಬೇಸಿಗೆಯ ಮಧ್ಯಾಹ್ನವೂ ಹಾಗೆಯೇ. ಸಾಮಾನ್ಯ ಕಾರುಗಳಲ್ಲಿ ಎಸಿಯ ಕಂಪ್ರೆಸರ್ ಎಂಜಿನ್ನಿನ ಬೆಲ್ಟಿನಿಂದ ತಿರುಗುವುದರಿಂದ, ಎಂಜಿನ್ ಆರಿದಾಗ ಬರುವುದು ಬರಿಯ ಫ್ಯಾನಿನ ಗಾಳಿ. ಒಳಗೆ ಸೆಖೆ ಏರಿದಾಗ ಎಂಜಿನ್ ತಾನಾಗಿ ಚಾಲೂ ಆಗುವ ಏರ್ಪಾಡು ಇದೆಯಾದರೂ, ಹಿಂದಿನ ಸೀಟಿನಲ್ಲಿ ಮಗುವೋ ವಯಸ್ಸಾದವರೋ ಇರುವಾಗ ಒಂದೂವರೆ ರೂಪಾಯಿಯ ಆಸೆ ಬಿಡುವುದೇ ಲೇಸು.

ಮ್ಯಾನ್ಯುಯಲ್ ಗೇರಿನ ಕಾರುಗಳನ್ನು ಓಡಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಗೇರನ್ನು ನ್ಯೂಟ್ರಲ್‌ಗೆ ತಂದು ಕ್ಲಚ್ಚಿನಿಂದ ಕಾಲು ತೆಗೆದ ಮೇಲಷ್ಟೇ ಎಂಜಿನ್ ಆರುತ್ತದೆ, ಕ್ಲಚ್ ಮತ್ತೆ ಅದುಮಿದೊಡನೆ ಚಾಲೂ ಆಗುತ್ತದೆ. ಆದ್ದರಿಂದ ಬಟನ್ ಬೇರೆಲ್ಲೋ ಇದ್ದರೂ ನಿಜವಾದ ಸ್ವಿಚ್ಚು ನಮ್ಮ ಎಡಗಾಲಿನ ಕೆಳಗೇ ಇದೆ: ಸ್ವಲ್ಪದರಲ್ಲೇ ಹೊರಡುವುದಿದ್ದರೆ ಕ್ಲಚ್ ಅದುಮಿ ಹಿಡಿದರಾಯಿತು. ಆಟೊಮ್ಯಾಟಿಕ್ ಕಾರಿನಲ್ಲಿ ಈ ಅನುಕೂಲ ಇಲ್ಲ. ಕೆಲವು ಮಾದರಿಗಳಲ್ಲಿ ಬ್ರೇಕನ್ನು ಹಗುರವಾಗಿ ಒತ್ತಿ ನಿಂತರೆ ಎಂಜಿನ್ ಆರುವುದಿಲ್ಲವಾದರೂ ಆ ಹದ ಕಾಲಿಗೆ ಒಗ್ಗಲು ಸಮಯ ಬೇಕು. ಶಾಶ್ವತ ಬಂದ್ ಕೋರುವವರಲ್ಲಿ ಆಟೊಮ್ಯಾಟಿಕ್ ಕಾರಿನವರೇ ಹೆಚ್ಚೆಂದರೆ ನನಗೆ ಆಶ್ಚರ್ಯವಾಗದು.

ಹಾಗಾದರೆ ಶಾಶ್ವತ ಉಪಾಯಗಳಲ್ಲಿ ತಪ್ಪೇನು? ಬಟನ್ನಿನ ಹಿಂದೆ ಪುಟ್ಟ ಮಾಡ್ಯೂಲ್ ಕೂರಿಸಿ ಹಿಂದಿನ ಆಯ್ಕೆಯನ್ನು ನೆನಪಿಡುವಂತೆ ಮಾಡುವುದು ಇವುಗಳಲ್ಲೆಲ್ಲ ಸೌಮ್ಯವಾದದ್ದು, ಆದರೂ ವೈರಿಂಗಿಗೆ ಹೊರಗಿನವರು ಕೈಹಾಕಿದರೆಂಬ ಕಾರಣಕ್ಕೆ ವಾರಂಟಿಯ ತಕರಾರು ಏಳಬಹುದು. ಬಾನೆಟ್ಟಿನ ಸ್ವಿಚ್ಚಿನ ತಂತಿ ಕಳಚಿ, ಬಾನೆಟ್ ತೆರೆದಿದೆ ಎಂದು ಕಾರನ್ನು ನಂಬಿಸುವುದು ಇನ್ನೊಂದು ಉಪಾಯ. ಆಮೇಲೆ ಬಾನೆಟ್ ನಿಜಕ್ಕೂ ಸರಿಯಾಗಿ ಮುಚ್ಚದಿದ್ದಾಗ ಎಚ್ಚರಿಸುವವರು ಯಾರೂ ಇರುವುದಿಲ್ಲ. ಬ್ಯಾಟರಿಯ ಋಣ ಧ್ರುವದಲ್ಲಿರುವ ಸೆನ್ಸರನ್ನು ಕಳಚುವುದಂತೂ ತೀರ ಅವಿವೇಕ, ಏಕೆಂದರೆ ಆಲ್ಟರ್ನೇಟರ್ ಎಷ್ಟು ಚಾರ್ಜ್ ಮಾಡಬೇಕೆಂದು ನಿರ್ಧರಿಸಲು ಕಾರು ಅವಲಂಬಿಸುವುದು ಅದೇ ಸೆನ್ಸರನ್ನು. ಎಂಜಿನ್ ಸವೆಯುತ್ತದೆಂಬ ಭಯಕ್ಕೆ ಇದನ್ನೆಲ್ಲ ಮಾಡಿಸುವ ಅಗತ್ಯವಿಲ್ಲ. ಎಂಜಿನ್ ಬಿಸಿಯಾದ ಮೇಲಷ್ಟೇ ಈ ವ್ಯವಸ್ಥೆ ಕೆಲಸಕ್ಕಿಳಿಯುತ್ತದೆ, ಸ್ಟಾರ್ಟರನ್ನೂ ಹೆಚ್ಚಿನ ಬಳಕೆಗೆಂದೇ ಗಟ್ಟಿಗೊಳಿಸಿರುತ್ತಾರೆ.

ಭಯಪಡಬೇಕಾದದ್ದು ಬ್ಯಾಟರಿಯ ವಿಷಯದಲ್ಲಿ. ಈ ಕಾರುಗಳಿಗೆ ಕಾರ್ಖಾನೆಯಲ್ಲಿ ಕೂರಿಸುವುದು ಇಎಫ್‌ಬಿ ಅಥವಾ ಎಜಿಎಂ ಬಗೆಯ, ಹೆಚ್ಚು ಸಲ ಖಾಲಿಯಾಗಿ ತುಂಬುವುದನ್ನು ತಾಳಬಲ್ಲ ಬ್ಯಾಟರಿ, ಅದರ ಬೆಲೆ ಸಾಧಾರಣ ಬ್ಯಾಟರಿಗಿಂತ ಗಣನೀಯವಾಗಿ ಜಾಸ್ತಿ. ಬದಲಿಸುವ ಹೊತ್ತಿಗೆ ಅಂಗಡಿಯವರು ಅಗ್ಗದ ಸಾಧಾರಣ ಬ್ಯಾಟರಿಯೇ ಸಾಕೆಂದರೆ ಒಪ್ಪಬೇಡಿ. ನೀವು ಪ್ರತಿದಿನ ಬಟನ್ ಒತ್ತುವವರಾಗಿದ್ದರೂ ಮರೆತ ದಿನ ಆ ಬ್ಯಾಟರಿಯೇ ಪೆಟ್ಟು ತಿನ್ನಬೇಕಾಗುತ್ತದೆ. ಹಳೆಯ ಬ್ಯಾಟರಿಯ ಲೇಬಲ್ಲಿನಲ್ಲಿರುವ ಬಗೆಯನ್ನೂ ಸಾಮರ್ಥ್ಯವನ್ನೂ ಬರೆದುಕೊಂಡು ಅಂಗಡಿಗೆ ಹೋಗಿ. ಇನ್ನು, ಮೊದಲು ಎಲ್ಲ ಸಿಗ್ನಲ್ಲುಗಳಲ್ಲಿ ಆರುತ್ತಿದ್ದ ಎಂಜಿನ್ ಈಚೆಗೆ ಆರುತ್ತಲೇ ಇಲ್ಲವೆಂದಾದರೆ, ಪೀಡೆ ಕಳೆಯಿತೆಂದು ಸಂತೋಷಪಡುವ ಮೊದಲು ಬ್ಯಾಟರಿಯನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಚಾರ್ಜ್ ಸಾಲದಾದಾಗ ಈ ವ್ಯವಸ್ಥೆ ತಾನಾಗಿಯೇ ಹಿಂದೆ ಸರಿಯುತ್ತದೆ.