ಸಿಎಸ್‌ವಿ ಓದುವ ಸ್ಕ್ರಿಪ್ಟ್: ಎರರ್ ಬಂದರೂ ಓದಿದ ಸಾಲುಗಳು ಕೈತಪ್ಪದಂತೆ

ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯದ ಫೈಲ್) ರೂಪದ ಕನ್ನಡ ಪದಪಟ್ಟಿಗಳನ್ನು ಓದುವ ಪೈಥಾನ್ ಸ್ಕ್ರಿಪ್ಟಿಗೆ ಈ ಸಲದ ಸೇರ್ಪಡೆ: ಫೈಲ್ ನಡುವೆ ಎಲ್ಲೋ ಕೆಟ್ಟಿದ್ದರೂ ಅಲ್ಲಿಯವರೆಗೆ ಓದಿದ ಸಾಲುಗಳು ಉಳಿಯುತ್ತವೆ. ಫಂಕ್ಷನ್ ಎರರ್ ಎಸೆದರೆ ಅದರಿಂದ ರಿಟರ್ನ್ ಎನ್ನುವುದೇ ಇರುವುದಿಲ್ಲ. ಒಳಗೆ ಕೂಡಿಟ್ಟ ಲಿಸ್ಟ್ ಕರೆದ ಕೋಡಿಗೆ ತಲುಪದು.

ಎರರ್ ಬಂದರೂ ಬಾರದಿದ್ದರೂ ಕೊನೆಗೆ ಓಡುವ 'ಫೈನಲಿ' ಬ್ಲಾಕಿನಲ್ಲಿ ರಿಟರ್ನ್ ಬರೆದರೆ ಲಿಸ್ಟ್ ಸಿಗುತ್ತದೆ, ಆದರೆ ಎರರ್ ಸದ್ದಿಲ್ಲದೆ ಮಾಯವಾಗುತ್ತದೆ. ಕಂಟ್ರೋಲ್-ಸಿ ಒತ್ತಿದ್ದೂ ಹಾಗೆಯೇ ನುಂಗಿಹೋಗುತ್ತದೆ. ಪೈಥಾನ್ 3.14 ಇದಕ್ಕೆ ಸಿಂಟ್ಯಾಕ್ಸ್ ವಾರ್ನಿಂಗ್ ಕೊಡುತ್ತದೆ, ಕೊಡಬೇಕಾದದ್ದೇ. ಲಿಸ್ಟ್, ಎರರ್ ಎರಡನ್ನೂ ಟ್ಯೂಪಲ್ (ಒಂದೇ ಜೋಡಿ) ಮಾಡಿ ಕೊಡಬಹುದು. ಕರೆದವರು ಎರಡನೆಯದನ್ನು ನೋಡದಿದ್ದರೆ ಅರ್ಧ ಪಟ್ಟಿಯೇ ಪೂರ್ತಿ ಪಟ್ಟಿಯಂತೆ ಡೇಟಾಬೇಸ್ ಸೇರುತ್ತದೆ.

ಆದ್ದರಿಂದ ಎಕ್ಸೆಪ್ಷನ್ನಿನ (ಎಸೆಯುವ ಎರರ್ ಆಬ್ಜೆಕ್ಟಿನ) ಮೇಲೇ ಡೇಟಾ ಹೊರಿಸಿದ್ದೇವೆ. ಪೈಥಾನ್ ಜೊತೆಗೇ ಬರುವ ಅಸಿಂಕ್‌ಐಒ ಲೈಬ್ರರಿಯ ಇನ್‌ಕಂಪ್ಲೀಟ್‌ರೀಡ್‌ಎರರ್ ಕೂಡ ಓದಿದಷ್ಟು ಬೈಟ್‌ಗಳನ್ನು 'ಪಾರ್ಷಿಯಲ್' ಎಂಬ ಆಟ್ರಿಬ್ಯೂಟಿನಲ್ಲಿ ಇಟ್ಟುಕೊಂಡೇ ಬರುತ್ತದೆ. ನಮ್ಮ 'ಓದುದೋಷ' ಕ್ಲಾಸಿನಲ್ಲಿ ಸಂದೇಶದ ಜೊತೆ 'ಸಾಲುಗಳು', 'ಸಾಲುಸಂಖ್ಯೆ' ಇವೆ. ಮೂಲ ಎರರ್ ಕಳೆಯದಂತೆ 'ರೇಸ್ … ಫ್ರಮ್' ಬಳಸಿದೆ.

ತೊಡಕು ಬರುವುದು ಕೆಲಸವನ್ನು ಹಲವು ಪ್ರೊಸೆಸ್‌ಗಳಿಗೆ ಹಂಚುವ ಮಲ್ಟಿಪ್ರೊಸೆಸಿಂಗ್ ಪೂಲ್‌ನಲ್ಲಿ. ಎಕ್ಸೆಪ್ಷನ್ ಪಿಕಲ್ ಆಗಿ (ಬೈಟ್‌ಗಳ ರೂಪಕ್ಕೆ ತಿರುಗಿ) ಇನ್ನೊಂದು ಪ್ರೊಸೆಸ್ಸಿಗೆ ಹೋಗುತ್ತದೆ. ಅಲ್ಲಿ ಅದನ್ನು ಮತ್ತೆ ಕಟ್ಟುವಾಗ ಪೈಥಾನ್ 'ಆರ್ಗ್ಸ್'ನಲ್ಲಿ ಇರುವುದನ್ನಷ್ಟೇ ಕ್ಲಾಸಿಗೆ ಕೊಡುತ್ತದೆ. 'ಸೂಪರ್'ಗೆ (ಮೂಲ ಕ್ಲಾಸಿಗೆ) ಬರೀ ಸಂದೇಶ ಕಳಿಸಿ, 'ಸಾಲುಗಳು' ಕಡ್ಡಾಯ ಎಂದು ಬರೆದಿದ್ದರೆ ಅಲ್ಲಿ ಟೈಪ್‌ಎರರ್ ಬಂದು, ಪೂಲ್ ಉತ್ತರ ಕೊಡದೆ ಸುಮ್ಮನೆ ನಿಂತುಬಿಡಬಹುದು. ಎರಡೂ ಪ್ಯಾರಾಮೀಟರಿಗೆ ಡೀಫಾಲ್ಟ್ 'ನನ್' (None) ಕೊಟ್ಟರೆ ಸಾಕು: ಆಟ್ರಿಬ್ಯೂಟ್‌ಗಳು ಬೇರೆಯಾಗಿ ಪಿಕಲ್ ಆಗಿರುವುದರಿಂದ ಆಮೇಲೆ ತಾವಾಗಿ ತುಂಬಿಕೊಳ್ಳುತ್ತವೆ.

ಹಿಡಿಯುವ ಕಡೆ ಒಂದು ಎಚ್ಚರ. 'ಎಕ್ಸೆಪ್ಟ್ ಓದುದೋಷ ಆಸ್ ದೋಷ' ಎಂದರೆ ಬ್ಲಾಕ್ ಮುಗಿದ ಕೂಡಲೇ 'ದೋಷ' ಹೆಸರು ಅಳಿಯುತ್ತದೆ. ಸಾಲುಗಳನ್ನು ಬ್ಲಾಕಿನೊಳಗೇ ಬೇರೆ ಹೆಸರಿಗೆ ಹಾಕಿಕೊಳ್ಳಿ.

ಕೆಟ್ಟ ಸಾಲಿನಲ್ಲೂ ಎಷ್ಟೋ ಉಳಿಸಿಕೊಳ್ಳಬಹುದು. ಯುಟಿಎಫ್-8ರಲ್ಲಿ 'ಕ' ಅಕ್ಷರಕ್ಕೆ 3 ಬೈಟ್. ಡೌನ್‌ಲೋಡ್ ಅರ್ಧಕ್ಕೆ ನಿಂತರೆ ಫೈಲ್ ಅಕ್ಷರದ ನಡುವೆಯೇ ತುಂಡಾಗಿರಬಹುದು. ಯೂನಿಕೋಡ್‌ಡಿಕೋಡ್‌ಎರರ್ ಬೈಟ್‌ಗಳನ್ನು 'ಆಬ್ಜೆಕ್ಟ್'ನಲ್ಲಿಯೂ ತಪ್ಪಿದ ಜಾಗವನ್ನು 'ಸ್ಟಾರ್ಟ್'ನಲ್ಲಿಯೂ ಕೊಡುತ್ತದೆ. ಅಲ್ಲಿಯವರೆಗಿನ ಬೈಟ್‌ಗಳು ಸರಿಯಾಗಿ ಡಿಕೋಡ್ ಆಗುತ್ತವೆ. ಟೆಕ್ಸ್ಟ್ ಮೋಡ್‌ನಲ್ಲಿ ತೆರೆದರೆ ಮಾತ್ರ 'ಸ್ಟಾರ್ಟ್' ಫೈಲಿನ ಮೊದಲಿಂದಲ್ಲ, ಆಗ ಓದಿದ ತುಣುಕಿನ ಮೊದಲಿಂದ ಎಣಿಕೆ. ಅದಕ್ಕೇ ಬೈನರಿಯಲ್ಲಿ ತೆರೆದು ಸಾಲುಸಾಲಾಗಿ ಡಿಕೋಡ್ ಮಾಡುತ್ತಿದ್ದೇವೆ. ಉದ್ಧರಣ ಚಿಹ್ನೆಯೊಳಗೆ ಸಾಲು ಮುರಿದಿರುವ ಸಿಎಸ್‌ವಿಗಳಿಗೆ ಇದು ಸಾಲದು. ಮುಂದಿನ ಕೆಲಸ ಅದು.